ಸಂಜೆ ಬಂದ ರಕ್ತ

ಪೆಟ್ರೋಲ್ ಉಳಿಸಬೇಕು, ಎಲ್ಲಾ ತಾಲೂಕಿನ ಸ್ಯಾಂಪಲ್ ಒಟ್ಟಿಗೇ ತನ್ನಿ ಎಂದು ಮೇಲಿನವರು ಹೇಳಿದ್ದೇ ತಡ, ನಮ್ಮ ತಲೆನೋವು ಶುರುವಾಯಿತು. ಕಲಬುರಗಿಯ ಮೇ ಬಿಸಿಲು ಗೊತ್ತಲ್ವಾ? ಅಫಜಲಪುರದಲ್ಲಿ ಬೆಳಿಗ್ಗೆ ತೆಗೆದ ರಕ್ತ ಲ್ಯಾಬ್ ಮುಟ್ಟಿದ್ದು ಸಂಜೆ.

"ಗಾಡಿ ಕೆಟ್ಟ ನಿಂತಿತ್ರಿ ಮೇಡಂ" ಎಂದ ಹುಡುಗ.

ನಾವು ಕ್ಷಯರೋಗಿಗಳ ರಕ್ತದಲ್ಲಿ ಎಂಡಿಎಸ್‌ಸಿ, ಅಂದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಒಂದು ಬಗೆಯ ಬಿಳಿ ರಕ್ತಕಣ, ಹುಡುಕುತ್ತಿದ್ದೆವು. ಸೋಂಕು ಎಳೆದಷ್ಟೂ ಅಸ್ಥಿಮಜ್ಜೆ ಈ ಅರೆಬಲಿತ ಮೈಲಾಯ್ಡ್ ಕೋಶಗಳನ್ನು ರಕ್ತಕ್ಕೆ ದಬ್ಬುತ್ತದೆ. ಅವು ಆರ್ಜಿನೇಸ್ ಎಂಬ ಕಿಣ್ವದಿಂದ ಆರ್ಜಿನೈನ್ ಎಂಬ ಅಮೈನೋ ಆಮ್ಲವನ್ನು ಖಾಲಿ ಮಾಡಿದರೆ, ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳು ಕೈಕಟ್ಟಿ ಕೂರುತ್ತವೆ. ಉರಿಯೂತ ಮಿತಿಮೀರದಂತೆ ತಡೆಯಲು ಇದು ಬೇಕು, ಆದರೆ ಕ್ಷಯದ ಬ್ಯಾಕ್ಟೀರಿಯಾಕ್ಕೂ ಇದೇ ಅನುಕೂಲ. ಚಿಕಿತ್ಸೆ ಹಿಡಿದರೆ ಇವುಗಳ ಸಂಖ್ಯೆ ಇಳಿಯುತ್ತದೆ.

ರಕ್ತಕಣಗಳನ್ನು ಸಾಂದ್ರತೆಯ ಮೇಲೆ ಬೇರ್ಪಡಿಸುವ ಫೈಕಾಲ್ ದ್ರವದ ಮೇಲೆ ರಕ್ತ ಬಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ಬ್ರೇಕ್ ಆಫ್ ಮಾಡಿ ತಿರುಗಿಸಿದೆವು. ಮೇಲೆ ಹಳದಿ ಪ್ಲಾಸ್ಮಾ, ಅದರ ಕೆಳಗೆ ಬಿಳಿ ಉಂಗುರ. ಅವತ್ತು ಉಂಗುರ ದಪ್ಪಗಿತ್ತು, ಸ್ವಲ್ಪ ಕೆಂಪಗೂ ಇತ್ತು. ನೋಡಿಯೂ ಸುಮ್ನಿದ್ದೆ, ಹೊತ್ತಾಗಿತ್ತು.

ಕೋಶಗಳ ಮಾರ್ಕರ್ (ಮೇಲ್ಮೈ ಗುರುತು) ನೋಡಿ ಎಣಿಸುವ ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಸಿಡಿ15 ಮಾರ್ಕರ್ ಇರುವ ಕೋಶಗಳ ಗೇಟ್, ಅಂದರೆ ಸ್ಕ್ರೀನ್ ಮೇಲೆ ಅವಕ್ಕೆ ಗುರುತಿಸಿದ ಜಾಗ, ತುಂಬುತ್ತಾ ಹೋಯಿತು. ಹಿಂದೆ ನಿಂತಿದ್ದ ಸರ್‌ಗೆ ಖುಷಿಯೋ ಖುಷಿ. "ಪಿಎಂಎನ್ ಎಂಡಿಎಸ್‌ಸಿ ನೋಡ್ರಿ, ಎಷ್ಟು ಜಾಸ್ತಿ!" ಅಂದರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣವನ್ನು ಹೋಲುವ ಬಗೆಯ ಎಂಡಿಎಸ್‌ಸಿ. ಅಬ್‌ಸ್ಟ್ರ್ಯಾಕ್ಟ್‌ನ ಮೊದಲ ಸಾಲು ಅವರು ಮನಸ್ಸಲ್ಲೇ ಬರೆದಾಗಿತ್ತು. ನಾನೂ ತಲೆ ಅಲ್ಲಾಡಿಸಿದೆ.

ಕೊನೆಗೆ ಕಂಟ್ರೋಲ್ ಟ್ಯೂಬ್ ಹಾಕಿದೆವು. ಅದು ಅದೇ ಡಬ್ಬಿಯಲ್ಲಿ ಬಂದ ಫೀಲ್ಡ್ ವರ್ಕರ್‌ನ ರಕ್ತ. ಆತ ಗಟ್ಟಿಮುಟ್ಟಾದ ಆಳು, ನೆಗಡಿಯೂ ಇಲ್ಲ. ಅವನ ಗೇಟೂ ಭರ್ತಿ! ಸರ್ ಸ್ಕ್ರೀನ್ ನೋಡಿದರು, ನನ್ನನ್ನು ನೋಡಿದರು, "ಇನ್ನೊಮ್ಮೆ ಹಾಕ್ರಿ" ಎಂದರು. ಇನ್ನೊಮ್ಮೆಯೂ ಅದೇ.

ರಕ್ತ ಹೊತ್ತುಗಟ್ಟಲೆ ಕಾದರೆ, ಎಂದಿನಂತೆ ತಳಕ್ಕಿಳಿಯಬೇಕಾದ ಮಾಮೂಲಿ ನ್ಯೂಟ್ರೋಫಿಲ್‌ಗಳೇ ಕೆರಳಿ, ಸಾಂದ್ರತೆ ಇಳಿದು ಆ ಬಿಳಿ ಉಂಗುರದಲ್ಲಿ ಬಂದು ಕೂರುತ್ತವೆ. ಮಾರ್ಕರ್ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಟಿ ಕೋಶವನ್ನು ನಿಜವಾಗಿ ತಡೆಯುತ್ತದೆಯೇ ಎಂದು ನೋಡುವ ಸಪ್ರೆಷನ್ ಅಸ್ಸೇ ಪರೀಕ್ಷೆ ಮಾಡದೆ ಎಂಡಿಎಸ್‌ಸಿ ಎಂದು ಹೆಸರಿಡಬಾರದು. ನಮಗೆ ಅದರ ಕಿಟ್‌ಗೆ ಬಜೆಟ್ ಇರಲಿಲ್ಲ.

ಆಫೀಸಿನಿಂದ ಬಂದ ಪರಿಹಾರ ಏನು ಗೊತ್ತಾ? ಮೈನಸ್ 80ರ ಫ್ರೀಜರ್. "ಫ್ರೀಜ್ ಮಾಡಿ ಇಡಿ, ಗಡಿಬಿಡಿ ಬೇಡ." ಪಿಎಂಎನ್ ಕೋಶಗಳು ಫ್ರೀಜ್ ಮಾಡಿ ಕರಗಿಸಿದರೆ ಬಹುಪಾಲು ಸಾಯುತ್ತವೆ ಎಂದು ಹೇಳಿದೆ. ಫ್ರೀಜರ್ ಆಗಲೇ ಆರ್ಡರ್ ಆಗಿತ್ತು.

ಈಗ ರಕ್ತ ತೆಗೆದ ಹೊತ್ತು ಬರೆಯದ ಟ್ಯೂಬನ್ನು ನಾನು ಮುಟ್ಟುವುದಿಲ್ಲ. ಫೀಲ್ಡ್‌ನವರಿಗೆ ನನ್ನ ಮೇಲೆ ಸಿಟ್ಟು. ಎರಡನೇ ಗಾಡಿಯ ಫೈಲ್ ಇನ್ನೂ ಮೇಲೆಯೇ ಇದೆ.