ಹಾಡಿನ ಹಿಂದಿನ ಕೈ

ಸಂಜೆ ಕಾರವಾರದ ಕೋಡಿಬಾಗದ ಬಸ್ಸಿನಲ್ಲಿ ಅಮೆರಿಕದ ಜಾಝ್ ಪಿಯಾನೊ ವಾದಕ ಕೌಂಟ್ ಬೇಸಿಯ ಬ್ಯಾಂಡ್ ಕೇಳುತ್ತಿದ್ದೆ.

ಪಿಯಾನೊ ಎರಡು ಸ್ವರ ನುಡಿದು ಸುಮ್ಮನಾಯಿತು. ಸ್ಯಾಕ್ಸೊಫೋನ್‌ಗಳೆಲ್ಲ ಒಂದೇ ಉಸಿರಿನಲ್ಲಿ ಸಾಲು ಹಿಡಿದವು. ಟ್ರಂಪೆಟ್‌ಗಳು ಕಾದವು, ಕಾದವು, ಕೊನೆಗೆ ಒಂದೇ ಒಂದು ಏಟು!

ಆ ಕಾಯುವಿಕೆಯನ್ನೂ ಯಾರೋ ಕಾಗದದ ಮೇಲೆ ಬರೆದಿಟ್ಟಿರುತ್ತಾರೆ. ಯಾವ ವಾದ್ಯ ಯಾವಾಗ, ಹೇಗೆ ನುಡಿಯಬೇಕೆಂದು ಗೊತ್ತುಮಾಡುವ ಅವರೇ ಅರೇಂಜರ್. ಬೇಸಿಗೆ ನೀಲ್ ಹೆಫ್ಟಿ ಬರೆದರು. ಇನ್ನೊಬ್ಬ ಜಾಝ್ ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ಜೊತೆ ಈ ಕೆಲಸಕ್ಕೆ ಬಿಲ್ಲಿ ಸ್ಟ್ರೇಹಾರ್ನ್ ಇದ್ದರು.

ಕಾಳಿ ನದಿಯ ಸೇತುವೆ ದಾಟಿ ಸ್ವಲ್ಪ ಹೋದರೆ ಗೋವಾ. ಆ ಮಣ್ಣಿನ ಸೆಬಾಸ್ಟಿಯನ್ ಡಿಸೋಜ, ಆಂಥೊನಿ ಗೊನ್ಸಾಲ್ವಿಸ್ ಮುಂಬೈಯಲ್ಲಿ ಕುಳಿತು ಹಿಂದಿ ಚಿತ್ರಗೀತೆಗಳಿಗೆ ವಾದ್ಯ ಜೋಡಿಸಿದರು. ಶಂಕರ್-ಜೈಕಿಶನ್ ಹಾಡುಗಳ ಪಿಟೀಲಿನ ಅಲೆಯಲ್ಲಿ ಸೆಬಾಸ್ಟಿಯನ್ ಅವರ ಕೈಯಿದೆ. ಎಷ್ಟು ದೊಡ್ಡ ಕೆಲಸ ಅದು!

ಇಂದು ರಾತ್ರಿ ಅಂಥದೊಂದು ಹಾಡು ಹಾಕಿ, ಗಾಯಕರನ್ನು ಬಿಟ್ಟು ಹಿಂದಿನದನ್ನಷ್ಟೇ ಕೇಳಿ. ಏನು ಕೇಳಿಸಿತೆಂದು ನನಗೂ ಹೇಳಿ.