ಸುರಂಗ, ಚೆಂಡೆ, ಗ್ರಹಣ: ನಮ್ಮ ಹತ್ತನೆಯ ತರಗತಿಯ ಎರಡನೆಯ ಟರ್ಮ್

ಓಣಂ ರಜೆ ಮುಗಿದು ಶಾಲೆ ತೆರೆದರೆ ಮತ್ತೆ ಕ್ರಿಸ್ಮಸ್ ರಜೆಯವರೆಗೆ ಯಾರಿಗೂ ಬಿಡುವಿಲ್ಲ. ಈಗ ಶಾಲೆಯಲ್ಲಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ರೀಡೆ, ವಿಜ್ಞಾನ ಮೇಳ, ಗಣಿತ ಮೇಳ, ಸಮಾಜ ವಿಜ್ಞಾನ ಮೇಳ, ವೃತ್ತಿ ಪರಿಚಯ, ಐಟಿ, ಕೊನೆಗೆ ಕಲೋತ್ಸವ. ಶಾಲೆಯಲ್ಲಿ ಗೆದ್ದವರು ಉಪಜಿಲ್ಲೆಗೆ, ಅಲ್ಲಿ ಗೆದ್ದವರು ಕಂದಾಯ ಜಿಲ್ಲೆಗೆ, ಅದರಾಚೆ ರಾಜ್ಯಕ್ಕೆ. ಇಷ್ಟರ ನಡುವೆ ಪಾಠವೂ ನಡೆಯಬೇಕು.

2019ರಲ್ಲಿ ನಾನು ಹತ್ತರಲ್ಲಿದ್ದೆ, ಕನ್ನಡ ಮಾಧ್ಯಮದ ಡಿವಿಷನ್. ಆ ವರ್ಷ ಎಲ್ಲವೂ ಒಟ್ಟಿಗೆ ಬಂತು. 60ನೆಯ ರಾಜ್ಯ ಶಾಲಾ ಕಲೋತ್ಸವ ನಮ್ಮದೇ ಜಿಲ್ಲೆಯ ಕಾಞಂಗಾಡಿನಲ್ಲಿ ಅಂತ ತೀರ್ಮಾನ ಆಗಿತ್ತು. 1991ರ ನಂತರ ಕಾಸರಗೋಡು ಜಿಲ್ಲೆಗೆ ಅದು ಬಂದದ್ದು ಆಗಲೇ. ಅಕ್ಟೋಬರ್ 21ಕ್ಕೆ ಮಂಜೇಶ್ವರ ಉಪಚುನಾವಣೆ ಬಂತು, ಶಾಲೆ ಮತಗಟ್ಟೆ ಆಯಿತು. ಡಿಸೆಂಬರ್ 26ಕ್ಕೆ ಕಂಕಣ ಸೂರ್ಯಗ್ರಹಣ. ಮಳೆಯಂತೂ ನಿಲ್ಲಲೇ ಇಲ್ಲ. ಅಕ್ಟೋಬರ್ ಕೊನೆಗೆ ಅರಬ್ಬಿ ಸಮುದ್ರದಲ್ಲಿ ಕ್ಯಾರ್, ಅದರ ಬೆನ್ನಿಗೇ ಮಹಾ ಚಂಡಮಾರುತ. ಅಂಗಳದಲ್ಲಿ ಅಡಿಕೆ ಒಣಗಿಸಲು ಜಾಗವಿದ್ದರೂ ಬಿಸಿಲಿಲ್ಲ ಅಂತ ಮನೆಯಲ್ಲಿ ಒಂದೇ ಚಿಂತೆ. ಮಳೆಗೆ ಕೊಟ್ಟ ರಜೆಯ ಲೆಕ್ಕ ಸರಿಮಾಡಲು ಶನಿವಾರವೂ ಶಾಲೆ. ಜೊತೆಗೆ ಬೆಳಗ್ಗೆ, ಸಂಜೆ ಹತ್ತನೆಯವರಿಗೆ ವಿಶೇಷ ತರಗತಿ.

"ಹತ್ತರ ಮಕ್ಕಳಿಗೆ ಈ ಮೇಳ, ಆಟ ಎಲ್ಲ ಯಾಕೆ? ಪಾಠ ಹಾಳಾಗ್ತದೆ" ಅಂತ ರಕ್ಷಕರ ಸಭೆಯಲ್ಲಿ ಕೆಲವರು ಕೇಳಿದ್ದರು. ಈಗಲೂ ಆ ಮಾತು ಕೇಳಿಬರುತ್ತದೆ. ಹಾಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆ ನಾಲ್ಕು ತಿಂಗಳಲ್ಲಿ ನಾನು ಕಲಿತದ್ದರಲ್ಲಿ ಈಗಲೂ ನೆನಪಿರುವುದು ಮೇಳಗಳ ಹೆಸರಿನಲ್ಲಿ ಕಲಿತದ್ದೇ. ಅದು ಪಾಠವೇ ಆಗಿತ್ತು.

ಸಮಾಜ ವಿಜ್ಞಾನ ಮೇಳದಲ್ಲಿ ಪ್ರಾದೇಶಿಕ ಇತಿಹಾಸ ರಚನೆ ಅಂತ ಒಂದು ಸ್ಪರ್ಧೆ ಉಂಟಲ್ವಾ? ಅದಕ್ಕೆ ನಮ್ಮ ಸಮಾಜದ ಮಾಷ್ಟ್ರು ವಿಷಯ ಕೊಟ್ಟದ್ದು ಸುರಂಗ, ಅಂದರೆ ನೀರಿಗಾಗಿ ಗುಡ್ಡವನ್ನು ಅಡ್ಡಕ್ಕೆ ಕೊರೆದು ಮಾಡುವ ಬಿಲ. ಬೇಕಲ ಕೋಟೆಯೋ ಕುಂಬಳೆಯ ಅರಸರೋ ಸಿಗಬಹುದು ಅಂತ ಕಾದಿದ್ದವರಿಗೆ ಮೊದಲು ಸ್ವಲ್ಪ ಬೇಸರ ಆಯಿತು. ಸುರಂಗ ಇಲ್ಲದ ಗುಡ್ಡ ನಮ್ಮ ಎಣ್ಮಕಜೆ ಕಡೆ ಎಲ್ಲಿದೆ? ದಿನಾ ಅದರ ನೀರು ಕುಡಿಯುವವರಿಗೆ ಅದರಲ್ಲಿ ಇತಿಹಾಸ ಕಾಣುವುದಿಲ್ಲ. ಮಾಷ್ಟ್ರು ಒಂದೇ ಪ್ರಶ್ನೆ ಕೇಳಿದರು. "ನಮ್ಮ ಜಿಲ್ಲೆಗೆ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳ್ತದೆ. ಹಾಗಿದ್ರೆ ಏಪ್ರಿಲ್‌ನಲ್ಲಿ ನೀರಿಗೆ ಯಾಕೆ ತತ್ವಾರ?"

ಉತ್ತರ ಹುಡುಕಲು ಕ್ಲಬ್ಬಿನವರೆಲ್ಲ ಶನಿವಾರ ಮಧ್ಯಾಹ್ನ, ಭಾನುವಾರ ಮನೆ ಮನೆಗೆ ಹೋದೆವು. ಸುರಂಗ ತೋಡುವ ಕೆಲಸ ಮಾಡುತ್ತಿದ್ದ ಒಬ್ಬ ಅಜ್ಜ ಸಿಕ್ಕಿದರು. ಅವರ ಮಾತನ್ನು ನಾನು ಇವತ್ತಿಗೂ ಸಾಲು ಸಾಲಾಗಿ ಹೇಳಬಲ್ಲೆ. ಮೊದಲು ಗುಡ್ಡ ನೋಡಬೇಕು. ಹುತ್ತ ಎಲ್ಲಿದೆ, ಉಪ್ಪಳಿಗೆ ಮರ ಎಲ್ಲಿದೆ, ಬೇಸಗೆಯಲ್ಲೂ ಹಸಿರು ಉಳಿಯುವ ಜಾಗ ಯಾವುದು ಅಂತ ನೋಡಿ ಬಾಯಿ ಗುರುತಿಸುವುದು. ಆಮೇಲೆ ಒಬ್ಬ ಮನುಷ್ಯ ಬಗ್ಗಿ ಪಿಕ್ಕಾಸು ಬೀಸುವಷ್ಟೇ ಅಗಲಕ್ಕೆ ಮುರಕಲ್ಲನ್ನು, ಅಂದರೆ ಜಂಬಿಟ್ಟಿಗೆಯನ್ನು, ಅಡ್ಡಕ್ಕೆ ಕೊರೆಯುತ್ತಾ ಹೋಗುವುದು. ಒಳಗೆ ಹೋದ ಹಾಗೆ ನೆಲ ತುಸು ಏರುತ್ತಾ ಹೋಗಬೇಕು. ಆಗ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಬೆಳಕಿಗೆ ಮೇಣದಬತ್ತಿ. ಅದು ನಂದಿದರೆ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಶೇಡಿಮಣ್ಣು (ಮೆದು ಬಿಳಿ ಜೇಡಿ) ಸಿಕ್ಕಿದರೆ ಕುಸಿಯುವ ಭಯ. ಅಳತೆ ಕೋಲಿನಲ್ಲಿ, ಒಂದು ಕೋಲು ಅಂದರೆ ಎರಡೂವರೆ ಅಡಿ. ಕೂಲಿಯೂ ಕೋಲಿನ ಲೆಕ್ಕಕ್ಕೇ. ನೀರು ಸಿಗುತ್ತದೋ ಇಲ್ಲವೋ ಅಂತ ಗೊತ್ತಿಲ್ಲದೆ ತಿಂಗಳುಗಟ್ಟಲೆ ಕೊರೆಯುವುದು.

"ನೀರು ಸಿಗದಿದ್ರೆ?" ಅಂತ ನಮ್ಮಲ್ಲೊಬ್ಬಳು ಕೇಳಿದಳು. "ಇನ್ನೊಂದು ಕಡೆ ಕೊರೆಯುವುದು ಮಗಾ" ಅಂದರು ಅಜ್ಜ.

ಪೆರ್ಲದಿಂದ ಗಡಿ ದಾಟಿದರೆ ಕರ್ನಾಟಕದ ಅಡ್ಯನಡ್ಕ. ಅಲ್ಲಿಯ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಮಾಡಿದವರು. ಮೊದಲು ಕೊರೆದವುಗಳಲ್ಲಿ ನೀರು ಸಿಗದಿದ್ದರೂ ಅವರು ಬಿಡಲಿಲ್ಲ. ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಹಳೆಯ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಅವತ್ತಿಡೀ ಅದೇ ಮಾತು. ನಮ್ಮ ಅಜ್ಜನ ಉತ್ತರ ಎಲ್ಲರಿಗೂ ನೆನಪಿತ್ತು.

ಇನ್ನೊಂದು ಮನೆಯಲ್ಲಿ ಕೇಳಿದ್ದನ್ನು ಬರೆಯಲೇಬೇಕು. ಪಡ್ರೆ ಕಡೆಯ ಮನೆ. ಅಲ್ಲಿಯ ಅಜ್ಜಿ ನಮಗೆ ಕುಡಿಯಲು ಮಜ್ಜಿಗೆ ಕೊಟ್ಟು, ಸುರಂಗ ತೋರಿಸಿ, ಎಂಡೋಸಲ್ಫಾನ್ ಕೀಟನಾಶಕದ ಮಾತು ತೆಗೆದರು. 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸುತ್ತಿದ್ದರು. "ಹೆಲಿಕಾಪ್ಟರ್ ಬರುವ ದಿನ ಬಾವಿ ಮುಚ್ಚಿ ಅಂತ ಹೇಳ್ತಿದ್ರು. ನಮ್ಮಲ್ಲಿ ಬಾವಿ ಎಲ್ಲುಂಟು? ಸುರಂಗದ ನೀರು ಹರಿದು ಬರುವುದು, ದಂಬೆಯಲ್ಲಿ ಮನೆವರೆಗೆ ಬರುವುದು. ಅದನ್ನು ಹೇಗೆ ಮುಚ್ಚುವುದು ಹೇಳಿ" ಅಂದರು. ನಮಗೆ ಯಾರಿಗೂ ಉತ್ತರ ಬರಲಿಲ್ಲ. ಎಂಡೋಸಲ್ಫಾನ್ ಬಗ್ಗೆ ನಾವೆಲ್ಲ ಸಣ್ಣಂದಿನಿಂದ ಕೇಳಿದವರೇ. ಊರಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ನೋಡಿದವರೇ. ಆದರೆ ನೀರಿನ ದಾರಿಯೂ ವಿಷದ ದಾರಿಯೂ ಒಂದೇ ಆಗಿತ್ತು ಎಂಬುದು ಅರ್ಥ ಆದದ್ದು ಆ ಅಂಗಳದಲ್ಲಿ. ದಂಬೆ ಅಂದರೆ ಅಡಿಕೆ ಮರ ಸೀಳಿ ಮಾಡಿದ ತೆರೆದ ಕಾಲುವೆ. ನಮ್ಮ ಬರಹದಲ್ಲಿ ಅದರ ಚಿತ್ರವನ್ನೂ ಬರೆದು ಅಜ್ಜಿಯ ಮಾತನ್ನು ಹಾಗೆಯೇ ಹಾಕಿದೆವು.

ಈ ಕೆಲಸಕ್ಕೆ ಬೇರೆ ಪಾಠಗಳೂ ಬಂದು ಸೇರಿದವು. ಐಟಿ ಪಠ್ಯದಲ್ಲಿ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶ ಕಲಿಸುತ್ತಿದ್ದರು. ಟೀಚರ್ ನಮ್ಮ ಸುರಂಗಗಳನ್ನೇ ಅದರಲ್ಲಿ ಗುರುತಿಸಲು ಹೇಳಿದರು. ಒಂದೊಂದೇ ಚುಕ್ಕಿ ಇಟ್ಟಾಗ ಎಲ್ಲವೂ ಗುಡ್ಡದ ಇಳಿಜಾರಿನಲ್ಲಿ ಸಾಲಾಗಿ ನಿಂತವು. ಮಳೆ ನೀರು ಯಾಕೆ ನಿಲ್ಲದೆ ಸಮುದ್ರಕ್ಕೆ ಓಡುತ್ತದೆ, ಮುರಕಲ್ಲಿನೊಳಗೆ ಉಳಿದದ್ದನ್ನು ಹಿರಿಯರು ಹೇಗೆ ಹಿಡಿದರು ಎಂಬುದು ಒಂದೇ ಪರದೆಯಲ್ಲಿ ಕಂಡಿತು. ಗಣಿತದ ಮಾಷ್ಟ್ರು ಬಕೆಟ್, ವಾಚು ಕೊಟ್ಟು ಕಳಿಸಿದರು. ಬಕೆಟ್ ತುಂಬಲು ಎಷ್ಟು ಸೆಕೆಂಡು, ಅಂದರೆ ನಿಮಿಷಕ್ಕೆ ಎಷ್ಟು ಲೀಟರ್. ಸರಾಸರಿ ತೆಗೆಯುವುದನ್ನು ಅಷ್ಟು ಆಸೆಯಿಂದ ನಾವು ಯಾವತ್ತೂ ಮಾಡಿರಲಿಲ್ಲ.

ಎಲ್ಲವನ್ನೂ ಕನ್ನಡದಲ್ಲಿ ಬರೆದೆವು. ಇದರ ಹಿಂದಿನ ಶ್ರಮ ಯಾರದ್ದು ಅಂತ ಆಗ ನಮಗೆ ಗೊತ್ತಿರಲಿಲ್ಲ. ಮೇಳದ ಸುತ್ತೋಲೆ ಬರುವುದು ಮಲಯಾಳದಲ್ಲಿ. ತರಬೇತಿಯ ಹಾಳೆಗಳು, ಮಾದರಿ ಪ್ರಶ್ನೆಗಳು ಹೆಚ್ಚಿನವು ಮಲಯಾಳದಲ್ಲಿ. ನಮ್ಮ ಟೀಚರ್, ಮಾಷ್ಟ್ರು ರಾತ್ರಿ ಮನೆಯಲ್ಲಿ ಕೂತು ಅದನ್ನು ಕನ್ನಡ ಮಾಡಿ, ಬೆಳಗ್ಗೆ ಏನೂ ಆಗದವರ ಹಾಗೆ ಪ್ರಿಂಟ್ ಹಂಚುತ್ತಿದ್ದರು. ಕನ್ನಡ ಡಿವಿಷನ್ನಿನ ಮಕ್ಕಳಿಗೆ ಯಾವುದೂ ಕಡಿಮೆ ಆಗಬಾರದು ಎಂಬುದೊಂದೇ ಅವರ ಹಟ. ಈಗ ನಾನು ಕೆಲಸದಲ್ಲಿ ಅನುವಾದ ಮಾಡುವಾಗ ಅದರ ಕಷ್ಟ ತಿಳಿಯುತ್ತದೆ. ಆಗ ಹೇಳದ ಧನ್ಯವಾದವನ್ನು ಈ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ಉಪಜಿಲ್ಲೆಯಲ್ಲಿ ನಮ್ಮ ಬರಹಕ್ಕೆ ಮೊದಲ ಸ್ಥಾನ ಬಂತು. ಜಿಲ್ಲೆಯಲ್ಲಿ ಎ ಗ್ರೇಡ್ ಸಿಕ್ಕಿತು, ಸ್ಥಾನ ಸಿಗಲಿಲ್ಲ. ಅಲ್ಲಿಯ ತೀರ್ಪುಗಾರರಲ್ಲಿ ಒಬ್ಬರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಮ್ಮ ಗೆಳತಿ ಸಂದರ್ಶನದಲ್ಲಿ ಇಡೀ ಕಥೆಯನ್ನು ಮಲಯಾಳದಲ್ಲಿ ಹೇಳಿದಳು. ಅವರು ಎದ್ದು ನಿಂತು ಕೈಕುಲುಕಿದರಂತೆ.

ಅದೇ ಹೊತ್ತಿಗೆ ಕಲೋತ್ಸವದ ಯಕ್ಷಗಾನ ಸ್ಪರ್ಧೆಗೆ ಅಭ್ಯಾಸ. ಕುಂಬಳೆಯ ಕವಿ ಪಾರ್ತಿಸುಬ್ಬನನ್ನು ಯಕ್ಷಗಾನದ ಪಿತಾಮಹ ಅಂತ ಕರೆಯುವ ಸೀಮೆ ನಮ್ಮದು. ಯಕ್ಷಗಾನವನ್ನು ಹಗುರ ಮಾಡುವ ಹಾಗಿಲ್ಲ. ವಿಶೇಷ ತರಗತಿ ಬಿಟ್ಟ ಮೇಲೆ ಶೀಟಿನ ಮಾಡಿನ ಕೆಳಗೆ ಅಭ್ಯಾಸ. ಜೋರು ಮಳೆ ಬಿದ್ದರೆ ಚೆಂಡೆಯೂ ಕೇಳದು. ಏಕ ತಾಳಕ್ಕೆ 4 ಅಕ್ಷರ, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10. ಗುರುಗಳು ಅದನ್ನು ಬಾಯಲ್ಲಿ ಹೇಳಿಸಿ, ಕೈಯಲ್ಲಿ ತಟ್ಟಿಸಿ, ಆಮೇಲೆ ಕಾಲಿಗೆ ತರಿಸುತ್ತಿದ್ದರು. ನಾನು ವೇಷ ಮಾಡಲಿಲ್ಲ. ನನ್ನ ಕೆಲಸ ಅರ್ಥದ, ಅಂದರೆ ಪಾತ್ರಗಳ ಮಾತಿನ, ಪ್ರತಿ ಹಿಡಿದು ತಪ್ಪಿದಲ್ಲಿ ಎತ್ತಿ ಕೊಡುವುದು. ಹಾಗಾಗಿ ಎಲ್ಲರ ಮಾತೂ ಬಾಯಿಪಾಠ ಆಯಿತು.

ತಂಡದಲ್ಲಿ ಮಲಯಾಳ ಡಿವಿಷನ್ನಿನ ಒಬ್ಬ ಹುಡುಗನಿದ್ದ. ಧೀಂಗಿಣ (ಹಾರಿ ಸುತ್ತುವ ಕುಣಿತ) ಹಾಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಕನ್ನಡ ಓದಲು ಬಾರದು. ಇಡೀ ಅರ್ಥವನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಕಲಿತ. ಯಕ್ಷಗಾನದ ಕನ್ನಡದಲ್ಲಿ ಒಂದು ಪರಕೀಯ ಶಬ್ದ ಬರಬಾರದಲ್ವಾ? ದಿನನಿತ್ಯ ಕನ್ನಡ ಮಾತಾಡುವ ನಮ್ಮ ಬಾಯಲ್ಲಿ ಅದು ತಡವರಿಸಿದರೂ ಅವನ ಬಾಯಲ್ಲಿ ತಡವರಿಸಲಿಲ್ಲ. ಟರ್ಮ್ ಮುಗಿಯುವಾಗ ಅವನು ಫಲಕದ ಕನ್ನಡವನ್ನೂ ಕೂಡಿಸಿ ಓದುತ್ತಿದ್ದ. ಜಿಲ್ಲೆಯಲ್ಲಿ ನಮ್ಮ ತಂಡ ಎರಡನೆಯದಾಯಿತು. ರಾಜ್ಯಕ್ಕೆ ಹೋಗುವುದು ಮೊದಲಿನವರು ಮಾತ್ರ. ಚೌಕಿಯಲ್ಲಿ ಬಣ್ಣ ತೆಗೆಯುತ್ತಾ ಎಲ್ಲರೂ ಅತ್ತರು, ನಾನೂ ಅತ್ತೆ.

ಆದರೂ ನವೆಂಬರ್ 28ರಿಂದ ಡಿಸೆಂಬರ್ 1ರವರೆಗೆ ನಡೆದ ರಾಜ್ಯ ಕಲೋತ್ಸವಕ್ಕೆ ನಮ್ಮನ್ನು ಒಂದು ದಿನ ಕರೆದುಕೊಂಡು ಹೋದರು. ಬದಿಯಡ್ಕ, ಚೆರ್ಕಳ ದಾರಿಯ ಬಸ್ಸು. ಎಡನೀರು ಬಂದಾಗ ಸಮಾಜದ ಮಾಷ್ಟ್ರು ಎದ್ದು ನಿಂತು ಮಠ ತೋರಿಸಿದರು. ಅಲ್ಲಿಯ ಕೇಶವಾನಂದ ಭಾರತೀ ಸ್ವಾಮೀಜಿಯವರ ಮೊಕದ್ದಮೆಯಲ್ಲಿಯೇ 1973ರ ಏಪ್ರಿಲ್ 24ರಂದು ಸಂವಿಧಾನದ ಮೂಲ ರಚನೆಯನ್ನು ಬದಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದ್ದು. ಅದೇ ಸ್ವಾಮೀಜಿ ಯಕ್ಷಗಾನದ ಭಾಗವತರೂ ಹೌದು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯ ಕಡೆ ಬಾಗಿದರು. ಸಂವಿಧಾನ ಎಲ್ಲೋ ದೆಹಲಿಯ ವಿಷಯ ಅಂತ ಆಮೇಲೆ ನನಗೆ ಅನಿಸಲೇ ಇಲ್ಲ. ಮುಂದಿನ ವರ್ಷ ಸೆಪ್ಟೆಂಬರ್ 6ಕ್ಕೆ ಅವರು ತೀರಿಹೋದರು.

ಕಾಞಂಗಾಡಿನಲ್ಲಿ ಬೇರೆ ಜಿಲ್ಲೆಗಳ ಮಕ್ಕಳು ಕನ್ನಡದಲ್ಲಿ ಅರ್ಥ ಹೇಳಿದ್ದನ್ನು ಕೇಳಿದೆವು. ನಮ್ಮ ಮಲಯಾಳ ಡಿವಿಷನ್ನಿನ ಗೆಳೆಯ ಕಣ್ಣು ಮಿಟುಕಿಸದೆ ಕೂತಿದ್ದ. ಆ ಸಲ ಒಟ್ಟಿನಲ್ಲಿ ಗೆದ್ದ ಜಿಲ್ಲೆಗೆ ಸಿಗುವ ಚಿನ್ನದ ಕಪ್ ಪಾಲಕ್ಕಾಡಿಗೆ ಹೋಯಿತು.

ಕ್ರಿಸ್ಮಸ್ ಪರೀಕ್ಷೆ ಹೇಗೋ ಮುಗಿಯಿತು. ಗ್ರಹಣ ಬಂದದ್ದು ರಜೆಯಲ್ಲಿ. ಆದರೂ ಫಿಸಿಕ್ಸ್ ಟೀಚರ್ ಶಾಲೆಯ ಮೈದಾನಕ್ಕೆ ಬರಲು ಹೇಳಿದ್ದರು. ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ ಅಂತ ದೇಶವೆಲ್ಲ ಸುದ್ದಿ. ಹೊರಡುವಾಗ ಮನೆಯಲ್ಲಿ ಅಜ್ಜಿ, ಮುಗಿಯುವವರೆಗೆ ಏನೂ ತಿನ್ನಬೇಡ ಅಂದಿದ್ದರು. ಮೈದಾನದಲ್ಲಿ ಟೀಚರ್ ಅವಲಕ್ಕಿ ತಂದಿಟ್ಟಿದ್ದರು. ಯಾರನ್ನೂ ಒತ್ತಾಯ ಮಾಡಲಿಲ್ಲ. ತಾವು ಮೊದಲು ತಿಂದರು, ಆಮೇಲೆ ನಾವು.

ಎಂಟು ಗಂಟೆ ದಾಟಿದ ಮೇಲೆ ಸೂರ್ಯನ ಅಂಚು ಕರಗಲು ಶುರುವಾಯಿತು. ಸುರಕ್ಷಿತ ಕನ್ನಡಕ ಸಾಲದೆ ಸರದಿಯಲ್ಲಿ ನೋಡಿದೆವು. ಕಾಯುತ್ತಿದ್ದವರಿಗೆ ಟೀಚರ್ ಮರದ ಕೆಳಗೆ ನೋಡಲು ಹೇಳಿದರು. ಎಲೆಗಳ ಸಂದಿನಿಂದ ಬಿದ್ದ ಒಂದೊಂದು ಬೆಳಕಿನ ಚುಕ್ಕೆಯೂ ಕುಡುಗೋಲಿನ ಆಕಾರಕ್ಕೆ ತಿರುಗಿತ್ತು. ಒಂಬತ್ತೂವರೆಯ ಒಳಗೆ ಅವೆಲ್ಲ ಬಳೆಗಳಾದವು. ಇಡೀ ನೆಲದ ಮೇಲೆ ಬಳೆಗಳು! ಕೆಲವೇ ನಿಮಿಷ. ಚಂದ್ರ ಭೂಮಿಯಿಂದ ದೂರ ಇದ್ದಾಗ ಸೂರ್ಯನನ್ನು ಪೂರ್ತಿ ಮುಚ್ಚಲು ಸಾಲುವುದಿಲ್ಲ, ಅದಕ್ಕೆ ಅಂಚು ಉಳಿಯುತ್ತದೆ. ಸಣ್ಣ ಸಂದು ಸೂಜಿರಂಧ್ರದ ಕ್ಯಾಮೆರಾ ಆಗುತ್ತದೆ. ಇದನ್ನು ಯಾರೂ ಫಲಕದಲ್ಲಿ ಬರೆಯಬೇಕಾಗಲಿಲ್ಲ.

ಇನ್ನು ನಿಮ್ಮಲ್ಲಿ ಒಂದು ಕೇಳಿಕೆ. ಸುರಂಗದ ಬರಹದ ಪ್ರತಿ ಶಾಲಾ ಲೈಬ್ರರಿಯಲ್ಲಿ ಇರಬೇಕು. ಅದರಲ್ಲಿರುವ ನೀರಿನ ಲೆಕ್ಕ ಅಕ್ಟೋಬರದ್ದು. ಮೇಳದ ಹೊತ್ತು ಅದು, ಬೇರೆ ದಾರಿ ಇರಲಿಲ್ಲ. ಆ ತಿಂಗಳು, ಅದೂ ಅಂಥ ಮಳೆಯ ವರ್ಷ, ಎಲ್ಲ ಸುರಂಗಗಳೂ ಧಾರಾಳ ಹರಿಯುತ್ತವೆ. ಮಾಷ್ಟ್ರು ಕೇಳಿದ್ದು ಏಪ್ರಿಲ್ ಬಗ್ಗೆ. ಎಸ್ಸೆಸ್ಸೆಲ್ಸಿ ಮುಗಿಸಿ ಏಪ್ರಿಲ್‌ನಲ್ಲಿ ಮತ್ತೆ ಅಳೆಯುವುದು ಅಂತ ಮಾತಾಗಿತ್ತು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಪರೀಕ್ಷೆ ಮೇ ಕೊನೆಗೆ ಹೋಯಿತು, ಬಕೆಟ್ ಹಿಡಿದು ಹೊರಡಲು ಆಗಲೇ ಇಲ್ಲ. ಆಮೇಲೆ ನಾವು ಊರೂರಿಗೆ ಚದರಿದೆವು.

ಈಗ ಒಂಬತ್ತರಲ್ಲಿರುವವರು ಬೇಸಗೆ ರಜೆಯಲ್ಲಿ ಅದೇ ಮನೆಗಳಿಗೆ ಹೋಗಿ. ಪಟ್ಟಿಯೂ ನಕ್ಷೆಯೂ ಬರಹದ ಕೊನೆಯಲ್ಲಿವೆ. ಮನೆಯವರನ್ನು ಕೇಳಿಯೇ ಹೋಗಿ, ಸುರಂಗದ ಒಳಗೆ ಕಾಲಿಡಬೇಡಿ, ಬಾಯಿಯ ಹತ್ತಿರವೇ ಬಕೆಟ್ ಇಟ್ಟು ಅಳೆಯಿರಿ. ಬೋರ್‌ವೆಲ್ ಬಂದ ಮೇಲೆ ಯಾವುದು ಬತ್ತಿದೆ, ಯಾವುದು ಇನ್ನೂ ಹರಿಯುತ್ತಿದೆ ಅಂತ ನಮ್ಮ ಅಂಕಿಗಳ ಪಕ್ಕದಲ್ಲಿ ಬರೆಯಿರಿ. ಲೆಕ್ಕ ಆದ ಮೇಲೆ ಮಾಷ್ಟ್ರ ಹತ್ತಿರ ನನ್ನ ನಂಬರ್ ತೆಗೆದುಕೊಂಡು ಒಂದು ಫೋನ್ ಮಾಡಿ, ಆಯ್ತಾ?