ಕಾಗದ ಹರಿಯೋ ಎಮ್ಮೆಲ್ಲೆ

"ನಮ್ಮೂರಲ್ಲಿ ಕಾಗದ ಮಾಡಿಸ್ಕೊಳ್ಳೋಕೆ ಎಮ್ಮೆಲ್ಲೆ ಮನೆಗೆ ಹೋಗ್ತಾರೆ. ಇಲ್ಲಿ ಇರೋ ಕಾಗದ ಹರಿಸೋಕೆ ಎಮ್ಮೆಲ್ಲೆ ಹತ್ರ ಬರ್ತಾರಲ್ಲೋ!"

ಅಪ್ಪ ಈ ಮಾತು ಹೇಳಿ ತಿಂಗಳ ಮೇಲಾಯಿತು. ಈಗಲೂ ಕಾರು ಓಡಿಸುವಾಗ ನೆನಪಾದರೆ ಒಬ್ಬನೇ ನಗುತ್ತೇನೆ.

ಶುರುವಾದದ್ದು ಟಪಾಲು ಡಬ್ಬಿಗೆ ಬಿದ್ದ ಒಂದು ದಪ್ಪ ಕಾರ್ಡಿನಿಂದ. ನಾವಿರುವುದು ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ದಾರಿ. ವರ್ಷಕ್ಕೆ ಮೂರು ನಾಲ್ಕು ಸಲ ಇಂಥ ಕಾರ್ಡು ಬರುತ್ತದೆ. ನಮ್ಮ ಸ್ಟೇಟ್ ರೆಪ್, ಅಂದರೆ ಊರಿನ ಲೆಕ್ಕದಲ್ಲಿ ಎಮ್ಮೆಲ್ಲೆ, ಕಳಿಸುವುದು. ಒಂದು ಕಡೆ ನಗುಮುಖದ ಫೋಟೊ. ಇನ್ನೊಂದು ಕಡೆ ಆಫೀಸಿನಲ್ಲಿ ಏನೇನು ಮಾಡಿಕೊಡುತ್ತಾರೆ ಅನ್ನೋ ಪಟ್ಟಿ. ಹಿರಿಯರ ಮನೆ ತೆರಿಗೆ ವಾಪಸಾತಿ ಅರ್ಜಿ, ಗಾಡಿ ನೋಂದಣಿ ಫಾರ್ಮು, ರಾಜ್ಯದ ಖಜಾನೆಯಲ್ಲಿ ನಿಮ್ಮ ಹೆಸರಲ್ಲಿ ಮರೆತ ದುಡ್ಡು ಬಿದ್ದಿದೆಯಾ ಎಂದು ಹುಡುಕಿಕೊಡುವುದು, ಹೀಗೆ. ಕೆಳಗೆ ದಪ್ಪ ಅಕ್ಷರದಲ್ಲಿ: ಶನಿವಾರ ಬೆಳಿಗ್ಗೆ ಉಚಿತ ಶ್ರೆಡ್ಡಿಂಗ್, ಒಂದು ಕಾರಿಗೆ ಮೂರು ಡಬ್ಬ. ಅಂದರೆ ಹಳೇ ಕಾಗದ ತಂದರೆ ಯಂತ್ರದಲ್ಲಿ ಚೂರು ಮಾಡಿಕೊಡುವುದು.

14 ವರ್ಷದಿಂದ ಈ ಕಾರ್ಡುಗಳನ್ನು ಪಿಜ್ಜಾ ಕೂಪನ್ನಿನ ಜೊತೆ ಸೀದಾ ಕಸಕ್ಕೆ ಹಾಕಿದ್ದೇನೆ. ಈ ಸಲ ಅಪ್ಪ ಬಂದಿದ್ದರು. ಅವರು ಕಾಗದ ಬಿಸಾಡಲು ಬಿಡುವವರಲ್ಲ. ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮಿನಲ್ಲಿ ಜೀವನ ಸವೆಸಿದವರು. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಗಂಟುಗಳ ಮಧ್ಯೆ ಯಾವ ಸರ್ವೆ ನಂಬರಿನ ಟಿಪ್ಪಣಿ ಎಲ್ಲಿದೆ ಅಂತ ಕತ್ತಲಲ್ಲೂ ಹೇಳುತ್ತಿದ್ದರು. ಕಾರ್ಡನ್ನು ಕಸದಿಂದ ಎತ್ತಿ, ಒರೆಸಿ, ಫ್ರಿಜ್ಜಿನ ಮೇಲೆ ಆಯಸ್ಕಾಂತ ಹಾಕಿ ಅಂಟಿಸಿದರು.

ಅದನ್ನು ಓದಿದ್ದು ನನ್ನ ಒಂಬತ್ತು ವರ್ಷದ ಮಗಳು. ಆಗ ಅವಳ ಶಾಲೆಯಲ್ಲಿ ರಾಜ್ಯ ಸರ್ಕಾರದ ಪಾಠ ನಡೆಯುತ್ತಿತ್ತು. ಕೆಳಮನೆಯಲ್ಲಿ 203 ಸದಸ್ಯರು, ಮೇಲ್ಮನೆಯಲ್ಲಿ 50 ಅಂತ ಬಾಯಿಪಾಠ ಮಾಡಿಕೊಂಡಿದ್ದಳು. ಫೋಟೊದ ಮೇಲೆ ಕೈಯಿಟ್ಟು ಹೆಸರು ಮುಚ್ಚಿ ಕೇಳಿದಳು:

"ಅಪ್ಪಾ, ಇವರ ಹೆಸರೇನು ಹೇಳು."

ನನಗೆ ಗೊತ್ತಿರಲಿಲ್ಲ. ನಿಜವಾಗಲೂ ಗೊತ್ತಿರಲಿಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಮನೆ ಬಾಗಿಲಿಗೆ ಬರುವ ಮುಖ!

"ತಾತನ ಊರಿನ ರೆಪ್ ಯಾರು, ಅದಾದರೂ ಗೊತ್ತಾ?"

ಅದು ಗೊತ್ತಿತ್ತು. ಹೆಸರಷ್ಟೇ ಅಲ್ಲ, ಅವರಪ್ಪನ ಹೆಸರು, ಅವರ ಜನ, ಹಿಂದೆ ಯಾವ ಪಕ್ಷದಲ್ಲಿದ್ದರು, ಯಾಕೆ ಬಿಟ್ಟರು, ಅಳಿಯನ ಕ್ರಷರ್ ಎಲ್ಲಿದೆ, ಕಳೆದ ಸಲ ಎಷ್ಟು ಓಟಿನ ಅಂತರ, ಎಲ್ಲ ಗೊತ್ತು. 2023ರ ಮೇ 13ರ ಎಣಿಕೆಯನ್ನು ನಾವು ನಾಲ್ಕು ಮನೆಯವರು ಸೇರಿ ನೋಡಿದ್ದೆವು. ಅಲ್ಲಿ ಬೆಳಿಗ್ಗೆ ಎಂಟು ಅಂದರೆ ಇಲ್ಲಿ ಹಿಂದಿನ ರಾತ್ರಿ ಹತ್ತೂವರೆ. ಮಂಡಕ್ಕಿ ಒಗ್ಗರಣೆ ಮಾಡಿಕೊಂಡು ಬೆಳಗಿನ ತನಕ ಕೂತಿದ್ದೆವು. ಕಾಂಗ್ರೆಸ್ 135 ಮುಟ್ಟಿದಾಗ ಒಬ್ಬ ಕುಣಿದ, ಇನ್ನೊಬ್ಬ ಮುಖ ಊದಿಸಿಕೊಂಡು ಎದ್ದು ಹೋದ. ನಾಲ್ವರಲ್ಲಿ ಒಬ್ಬರಿಗೂ ಅಲ್ಲಿ ಓಟಿರಲಿಲ್ಲ.

ಹೊರದೇಶದಲ್ಲಿರುವ ಭಾರತೀಯರು ಓಟರ್ ಲಿಸ್ಟಿನಲ್ಲಿ ಹೆಸರು ಸೇರಿಸಿಕೊಳ್ಳಬಹುದು ಅಂತ 2010ರಲ್ಲಿ ಕಾನೂನು ಬದಲಾಯಿತು. ಆದರೆ ಓಟು ಹಾಕಲು ಖುದ್ದಾಗಿ ಊರಿನ ಮತಗಟ್ಟೆಗೇ ಹೋಗಬೇಕು. ಮೂರು ಟಿಕೆಟ್, ಎರಡು ವಾರ ರಜೆ. ಯಾರು ಹೋಗುತ್ತಾರೆ? ಇಲ್ಲಿ ಓಟು ಬೇಕಾದರೆ ಪೌರನಾಗಬೇಕು, ಅದಕ್ಕೆ ಮೊದಲು ಗ್ರೀನ್ ಕಾರ್ಡ್, ಅಂದರೆ ಕಾಯಂ ಆಗಿ ಇರಲು ಪರವಾನಗಿ ಬೇಕು, ಆ ಸಾಲಿನಲ್ಲಿ ಭಾರತದವರು ವರ್ಷಗಟ್ಟಲೆ ಕಾಯಬೇಕು. ಅಂದರೆ ನಾನು 14 ವರ್ಷದಿಂದ ಭೂಮಿಯ ಮೇಲೆ ಎಲ್ಲೂ ಓಟು ಹಾಕಿಲ್ಲ. ಎರಡು ಕಡೆಯ ರಾಜಕೀಯದ ಬಗ್ಗೆ ಭಾಷಣ ಮಾತ್ರ ಜೋರು.

ಅಪ್ಪ ಸುಮ್ಮನೆ ಕಾಫಿ ಕುಡಿಯುತ್ತಿದ್ದರು. "ಹೋಗಿ ನೋಡ್ಕೊಂಡ್ ಬರಾಣ ನಡಿ, ಶನಿವಾರ," ಅಂದರು.

ಪಕ್ಕದ ಮನೆಯ ಅಜ್ಜಿಯೂ ನಮ್ಮ ಕಾರಿನಲ್ಲೇ ಬಂದರು. ಎಪ್ಪತ್ತೆಂಟು ವರ್ಷ, ಒಬ್ಬರೇ ಇರುವುದು. ಹೋದ ವರ್ಷ ಗಂಡ ತೀರಿಕೊಂಡರು. ನಲವತ್ತು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ತೆರಿಗೆ ಲೆಕ್ಕ, ಆಸ್ಪತ್ರೆ ಬಿಲ್ಲು ಸೇರಿ ಮೂರು ಡಬ್ಬ. ಎಲ್ಲದರ ಮೇಲೂ ಸೋಷಿಯಲ್ ಸೆಕ್ಯುರಿಟಿ ನಂಬರು, ನಮ್ಮ ಆಧಾರ್ ನಂಬರಿನ ಹಾಗೆ. ಅದು ಯಾರ ಕೈಗಾದರೂ ಸಿಕ್ಕರೆ ನಿಮ್ಮ ಹೆಸರಲ್ಲಿ ಸಾಲ ಎತ್ತಬಹುದು. ಹಾಗಾಗಿ ಇಲ್ಲಿ ಹಳೇ ಕಾಗದ ಅಂದರೆ ಜನಕ್ಕೆ ಭಯ.

ಟೌನ್‌ಶಿಪ್ ಕಚೇರಿಯ ಪಾರ್ಕಿಂಗ್ ಜಾಗ. ಸುತ್ತ ಮರಗಳೆಲ್ಲ ಕೆಂಪಾಗಿದ್ದವು. ಕಾರುಗಳ ಸಾಲು ರಸ್ತೆಯ ತನಕ. ಮುಂದೆ ದೊಡ್ಡ ಬಿಳಿ ಲಾರಿ. ಚಕ್ರದ ತೊಟ್ಟಿಗೆ ಕಾಗದ ಸುರಿಯುತ್ತಾರೆ, ಲಾರಿಯ ಕಬ್ಬಿಣದ ಕೈ ಅದನ್ನು ಎತ್ತಿ ಒಳಗೆ ಬೋರಲು ಹಾಕುತ್ತದೆ. ಲಾರಿಯ ಪಕ್ಕದಲ್ಲಿ ಒಂದು ಪುಟ್ಟ ಟಿವಿ. ಒಳಗೆ ಹಲ್ಲುಚಕ್ರಗಳು ಕಾಗದ ನುಂಗುವುದನ್ನು ನಿಂತು ನೋಡಬಹುದು. ಅಪ್ಪ ಕಾರಿಂದಿಳಿದು ಅದರ ಮುಂದೆ ಕೈಕಟ್ಟಿ ನಿಂತುಬಿಟ್ಟರು. ನೀಲಿ ಗೆರೆಯ ಹಾಳೆಗಳು, ಕೈಬರಹ, ಸೀಲು, ಎಲ್ಲ ಕ್ಷಣದಲ್ಲಿ ಅವಲಕ್ಕಿಯಷ್ಟು ಚೂರು. ಸ್ಮಶಾನದಲ್ಲಿ ನಿಂತವರ ಮುಖ ಹೇಗಿರುತ್ತದೋ ಹಾಗಿತ್ತು ಅಪ್ಪನ ಮುಖ. ಆಗ ಹೇಳಿದ್ದು ಮೊದಲಿಗೆ ಬರೆದ ಆ ಮಾತು.

ಹಸಿರು ಜಾಕೆಟ್ ಹಾಕಿದ ಒಬ್ಬ ನಮ್ಮ ಡಿಕ್ಕಿ ತೆಗೆದು ಅಜ್ಜಿಯ ಡಬ್ಬಗಳನ್ನು ಎತ್ತಿಕೊಂಡ. ಮಗಳು ನನ್ನ ಅಂಗಿ ಎಳೆದಳು. ಫ್ರಿಜ್ಜಿನ ಮೇಲಿದ್ದ ಮುಖ!

"ಇವನಾ? ಯಾರೋ ಹಮಾಲಿ ಅನ್ಕೊಂಡೆ," ಅಂದರು ಅಪ್ಪ.

ಅಜ್ಜಿ ಅವನನ್ನು ಸುಮ್ಮನೆ ಬಿಡಲಿಲ್ಲ. ಆಗ 2025ರ ಅಕ್ಟೋಬರ್. ಇಲ್ಲಿ ರಾಜ್ಯದ ಬಜೆಟ್ ಜೂನ್ 30ರೊಳಗೆ ಆಗಬೇಕು. ಆ ವರ್ಷ ಎರಡೂ ಪಕ್ಷ ಹಗ್ಗಜಗ್ಗಾಟ ಮಾಡುತ್ತಾ ಕೂತಿದ್ದವು. ಕೆಳಮನೆಯಲ್ಲಿ ಬಲಾಬಲ 102–101, ಮೇಲ್ಮನೆ ಇನ್ನೊಂದು ಪಕ್ಷದ ಕೈಯಲ್ಲಿ. ಶಾಲೆಗಳಿಗೂ ಕೌಂಟಿಗಳಿಗೂ, ಅಂದರೆ ಇಲ್ಲಿನ ಜಿಲ್ಲೆಗಳಿಗೂ, ರಾಜ್ಯದ ದುಡ್ಡು ನಿಂತಿತ್ತು. ಅಜ್ಜಿ ಬೆರಳು ತೋರಿಸಿ ಅಂದರು, "ನಾನು ನಿನಗೆ ಓಟು ಹಾಕಿದವಳಲ್ಲ. ಮುಂದೆಯೂ ಹಾಕಲ್ಲ. ಬಜೆಟ್ ಮಾಡೋದು ಬಿಟ್ಟು ಇಲ್ಲೇನು ಮಾಡ್ತಿದ್ದೀಯ? ಆದರೆ ನಿನ್ನ ಆಫೀಸಿನ ಆ ಹುಡುಗಿ ಬಂಗಾರ. ನನ್ನ ಫಾರ್ಮು ಅವಳೇ ತುಂಬಿದ್ದು."

ಅವನು ನಕ್ಕು, ಆ ಹುಡುಗಿಗೆ ಹೇಳ್ತೀನಿ ಅಂದ. ಡಬ್ಬ ಕೆಳಗಿಡಲಿಲ್ಲ.

ಫಾರ್ಮು ಅಂದರೆ ಪಿಎ-1000. 65 ದಾಟಿದವರು, 50 ದಾಟಿದ ವಿಧವೆಯರು ಮತ್ತು ವಿಧುರರು, ಅಂಗವಿಕಲರು, ಇವರ ಆದಾಯ ಕಡಿಮೆಯಿದ್ದರೆ ಮನೆಗೆ ಕಟ್ಟಿದ ತೆರಿಗೆಯಲ್ಲೋ ಬಾಡಿಗೆಯಲ್ಲೋ ಒಂದು ಪಾಲು ವಾಪಸ್ ಬರುತ್ತದೆ. ಮೊದಲು ಹೆಚ್ಚೆಂದರೆ 650 ಡಾಲರ್ ಇತ್ತು, 2023ರ ಕಾನೂನಿನಲ್ಲಿ 1,000ಕ್ಕೆ ಏರಿಸಿದರು. ಆದಾಯದ ಮಿತಿಯನ್ನು 45,000ಕ್ಕೆ ಒಯ್ದು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಏರುವಂತೆ ಮಾಡಿದರು. ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯಲ್ಲಿ ಅರ್ಧವನ್ನು ಆದಾಯಕ್ಕೆ ಹಿಡಿಯುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮುದುಕರು ತಮಗೆ ಸಿಗಲ್ಲ ಅಂತ ಸುಮ್ಮನಿರುತ್ತಾರೆ. ಅಜ್ಜಿಯೂ ಹಾಗೇ ಇದ್ದರಂತೆ.

ದುಡ್ಡು ಎಲ್ಲಿಂದ ಬರುತ್ತೆ ಅಂತ ಅಪ್ಪ ಕೇಳಿದರು. ಲಾಟರಿಯಿಂದ ಅಂದೆ. ಪೆನ್ಸಿಲ್ವೇನಿಯಾ ಲಾಟರಿಯ ಲಾಭ ಪೂರ್ತಿ ಹಿರಿಯರ ಯೋಜನೆಗಳಿಗೆ ಹೋಗುತ್ತದೆ. ಅಪ್ಪನಿಗೆ ಇದು ಹಿಡಿಸಲಿಲ್ಲ. ನಮ್ಮಲ್ಲಿ ಒಂದಂಕಿ ಲಾಟರಿ ಎಷ್ಟು ಮನೆ ತೊಳೆಯಿತು, 2007ರಲ್ಲಿ ಅದನ್ನು ನಿಲ್ಲಿಸಿದಾಗ ಎಷ್ಟು ಹೆಂಗಸರು ನೆಮ್ಮದಿಯ ಉಸಿರು ಬಿಟ್ಟರು ಅಂತ ಅಲ್ಲೇ ಶುರು ಮಾಡಿದರು. "ಒಬ್ಬ ಬಡವನ ಜೇಬಿಂದ ತೆಗೆದು ಇನ್ನೊಬ್ಬ ಮುದುಕನ ಜೇಬಿಗೆ." ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ರೆಪ್ ಬಂದು ಅಪ್ಪನ ಕೈ ಕುಲುಕಿದ. ಅಪ್ಪ ನನ್ನ ಕಡೆ ತಿರುಗಿ, "ನಿಂಗೆ ಇಲ್ಲಿ ಓಟಿಲ್ಲ ಅಂತ ಹೇಳ್ಬಿಡಪ್ಪ, ಪಾಪ, ತಿಳ್ಕೊಂಡಿರ್ಲಿ," ಅಂದರು. ನಾನು ಹೇಳಲಿಲ್ಲ. ಮಗಳು ಹೇಳಿದಳು, ಸ್ಪಷ್ಟವಾಗಿ, ಇಂಗ್ಲಿಷಿನಲ್ಲಿ: ಅಪ್ಪ ನಿಮಗೆ ಓಟು ಹಾಕಲು ಆಗಲ್ಲ, ತಾತ ಅದನ್ನು ನಿಮಗೆ ತಿಳಿಸಲು ಹೇಳಿದರು. ನನಗೆ ಲಾರಿಯೊಳಗೆ ಬಿದ್ದರೆ ಸಾಕು ಅನಿಸಿತು.

"ನಿನಗೆ ಆಗುತ್ತಲ್ಲ?" ಅಂದ ಅವನು. ಅವಳು ಬೆರಳು ಎಣಿಸಿ "2034" ಅಂದಳು. ಕೆಳಮನೆಯವರಿಗೆ ಎರಡು ವರ್ಷಕ್ಕೊಮ್ಮೆ ಚುನಾವಣೆ. ಅಲ್ಲಿಯವರೆಗೆ ಕುರ್ಚಿ ಉಳಿದರೆ ಬರ್ತೀನಿ ಅಂತ ಹೇಳಿ ಹಿಂದಿನ ಕಾರಿನ ಕಡೆ ಹೋದ.

ಮನೆಗೆ ಬರುವಾಗ 1994ರ ಒಂದು ಬೆಳಿಗ್ಗೆ ನೆನಪಾಯಿತು. ನನಗಾಗ ಹತ್ತು ವರ್ಷ. ಅಪ್ಪನನ್ನು ಜಿಲ್ಲೆಯ ಇನ್ನೊಂದು ಮೂಲೆಗೆ ವರ್ಗ ಮಾಡಿದ್ದರು. ಅಮ್ಮನಿಗೆ ಉಬ್ಬಸ. ವರ್ಗ ರದ್ದು ಮಾಡಿಸಲು ಅಪ್ಪ ನನ್ನನ್ನೂ ಕರೆದುಕೊಂಡು ಎಮ್ಮೆಲ್ಲೆ ಮನೆಗೆ ಹೋದರು. ಹೆಂಡತಿ ಕಾಯಿಲೆ ಅಂದಾಗ ಪಕ್ಕದಲ್ಲಿ ಒಂದು ಮಗು ಇರಲಿ ಅಂತ ಇರಬೇಕು. ಬೆಳಿಗ್ಗೆ ಆರಕ್ಕೆ ಹೋದವರು, ಹನ್ನೊಂದಕ್ಕೆ ಮುಖ ಕಂಡದ್ದು. ಹೆಗಲ ಮೇಲೆ ಟವಲ್ ಹಾಕಿಕೊಂಡು ಬಂದವರು ಮೊದಲು ಕೇಳಿದ್ದು "ಯಾರ ಪೈಕಿ?" ಅಪ್ಪ ಹೇಳಿದರು. ಆಮೇಲೆ ಯಾವ ಊರು, ಆ ಊರಲ್ಲಿ ಓಟು ಯಾವ ಕಡೆ ಬಿತ್ತು. ಕೊನೆಗೆ ಆಪ್ತ ಸಹಾಯಕ ಒಂದು ಲೆಟರ್ ಟೈಪ್ ಮಾಡಿ ಕೊಟ್ಟ.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನನಗೆ ದೋಸೆ ಕೊಡಿಸಿ ಅಪ್ಪ ಅದನ್ನು ಬಿಡಿಸಿ ಓದಿದರು. 'ನಿಯಮಾನುಸಾರ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು ಕೋರಿದೆ.' ಮಡಿಸಿ ಜೇಬಿಗಿಟ್ಟರು.

"ನಿಯಮಾನುಸಾರ ಅಂತ ಇದ್ರೆ ಕೆಲಸ ಆಗಲ್ಲ ಕಣಪ್ಪ. ಇಂಥಾ ಲೆಟರ್ ನಾನೇ ಎಷ್ಟು ಫೈಲ್ ಮಾಡಿದೀನಿ."

ಆಗಲಿಲ್ಲ. ಮೂರು ವರ್ಷ ಅಮ್ಮ ಒಬ್ಬರೇ ನಮ್ಮನ್ನು ನೋಡಿಕೊಂಡರು. ಆ ಲೆಟರ್ ಈಗಲೂ ಅಪ್ಪನ ಟ್ರಂಕಿನಲ್ಲಿದೆ.

ಹಾಗಂತ ನಮ್ಮವರನ್ನು ಬರೀ ಬೈದರೆ ಅನ್ಯಾಯ. ಪೆನ್ಸಿಲ್ವೇನಿಯಾದಲ್ಲಿ ಒಬ್ಬ ರೆಪ್‌ಗೆ ಸುಮಾರು 64,000 ಜನ. ಕರ್ನಾಟಕದಲ್ಲಿ 224 ಕ್ಷೇತ್ರ, 2011ರ ಜನಗಣತಿಯ ಲೆಕ್ಕದಲ್ಲೇ ಒಬ್ಬ ಶಾಸಕರಿಗೆ ಎರಡು ಮುಕ್ಕಾಲು ಲಕ್ಷ. ಅಮ್ಮ ಹೋದಾಗ ಅದೇ ಎಮ್ಮೆಲ್ಲೆ ನಮ್ಮ ಮನೆಗೆ ಬಂದಿದ್ದರು. ಆಗ ಸೋತು ಮನೆಯಲ್ಲಿದ್ದರು, ಬರಬೇಕೆಂದೇನೂ ಇರಲಿಲ್ಲ. ಚಾಪೆಯ ಮೇಲೆ ಅರ್ಧ ಗಂಟೆ ಕೂತರು, ನೀರು ಕುಡಿದರು, ನನ್ನ ತಲೆ ಸವರಿದರು. ಅಜ್ಜಿಯ ಗಂಡ ಸತ್ತಾಗ ಇಲ್ಲಿ ಮನೆಗೆ ಬಂದದ್ದು ನಾವು ಮತ್ತು ಎದುರು ಮನೆಯವರು, ಅಷ್ಟೇ. ಹಸಿರು ಜಾಕೆಟ್ಟಿನವನು ಅಜ್ಜಿಯ ಡಬ್ಬ ಹೊತ್ತ, ಆ ಡಬ್ಬದಲ್ಲಿ ಏನಿತ್ತು ಅಂತ ಅವನಿಗೆ ಗೊತ್ತಿಲ್ಲ.

ದೀಪಾವಳಿಗೆ ಮತ್ತೊಂದು ಕಾರ್ಡು ಬಂತು, ಹಣತೆ ಚಿತ್ರದ್ದು. 2024ರಲ್ಲಿ ಇಲ್ಲಿ ದೀಪಾವಳಿಯನ್ನು ರಾಜ್ಯದ ಹಬ್ಬವೆಂದು ಕಾನೂನು ಮಾಡಿದರು. ರಜೆ ಕೊಡಲೇಬೇಕು ಅಂತಿಲ್ಲ, ಮಾನ್ಯತೆ ಮಾತ್ರ. ಮಸೂದೆ ತಂದವರು ಎರಡು ಪಕ್ಷದ ಇಬ್ಬರು ಸೆನೆಟರುಗಳು. ಅವರಲ್ಲಿ ಒಬ್ಬರಾದ ಫಿಲಡೆಲ್ಫಿಯಾದ ನಿಖಿಲ್ ಸವಾಲ್ ಅವರ ಅಪ್ಪ ಅಮ್ಮ ಬೆಂಗಳೂರಿನವರು. ಬಡವರ ಮನೆ ರಿಪೇರಿಗೆ 2022ರಲ್ಲಿ 12.5 ಕೋಟಿ ಡಾಲರ್ ಇಡಿಸಿದ ಯೋಜನೆಯೂ ಅವರದೇ. ಇದನ್ನು ಅಪ್ಪನಿಗೆ ಹೇಳಿದರೆ ಒಂದೇ ಪ್ರಶ್ನೆ: "ಬೆಂಗಳೂರಲ್ಲಿ ಎಲ್ಲಿಯವರಂತೆ? ಯಾವ ಜನ?" ಅವರ ಅಭ್ಯಾಸ ಅದು. ಟಿವಿಯಲ್ಲಿ ಹವಾಮಾನ ಓದುವವಳ ಹೆಸರು ಬಂದರೂ ಮೊದಲು ಅದೇ ಲೆಕ್ಕ.

ಬಜೆಟ್ಟಿಗೆ ಕೊನೆಗೂ ನವೆಂಬರ್ 12ಕ್ಕೆ ಸಹಿ ಬಿತ್ತು, ನಾಲ್ಕು ತಿಂಗಳು ತಡವಾಗಿ. "ಹರಿಯೋದು ಬರುತ್ತೆ, ಬರೆಯೋದು ಬರಲ್ಲ ಇವಕ್ಕೆ," ಅಂದರು ಅಪ್ಪ. ಅದರ ಮೂರನೇ ದಿನ ಊರಿಗೆ ಹೊರಟರು. ಫ್ರಿಜ್ಜಿನ ಮೇಲಿದ್ದ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡರು.

ಹೋದ ಭಾನುವಾರ ಫೋನ್ ಮಾಡಿದಾಗ ಪಿಂಚಣಿದಾರರ ಕಟ್ಟೆಯ ಮೇಲೆ ಕೂತಿದ್ದರು. ಕಾರ್ಡು ಕೈಯಿಂದ ಕೈಗೆ ಹೋಗುತ್ತಿತ್ತಂತೆ. ಲಾರಿ, ಟಿವಿ, ಅಜ್ಜಿ ಬೈದದ್ದು, ಎಲ್ಲ ಕಥೆ ಆಗಿತ್ತು. ಹಿಂದೆ ಯಾರೋ ಜೋರಾಗಿ ಕೇಳಿದ್ದು ನನಗೂ ಕೇಳಿಸಿತು: "ಅದೆಲ್ಲ ಸರಿ ಕಣಯ್ಯ, ಅವ್ನು ಯಾವ ಜನ?"

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅದನ್ನ ಕೇಳೋದೇ ಮರ್ತುಬಿಟ್ಟೆ ಕಣೋ," ಅಂದರು. "ಡಬ್ಬ ಹೊರ್ತಿದ್ದ."